ಪ್ರಯೋಗಶಾಲೆಗೆ ಮುನ್ನ ಒಂದು ತಾಲೀಮು

ಮಗಳು ಬಿ.ಎಸ್ಸಿ. ತರಗತಿಗೆ ಸೇರಿದಳೆಂದರೆ ಮನೆಮಂದಿಗೆಲ್ಲ ಹೆಮ್ಮೆ. ಚೀಲದಲ್ಲಿ ಮಡಿಸಿಟ್ಟ ಬಿಳಿಯ ಕೋಟನ್ನೂ ರಟ್ಟು ಹಾಕಿದ ರೆಕಾರ್ಡ್ ಪುಸ್ತಕವನ್ನೂ ಕಂಡ ತಾಯಿಗೆ, ಮಗಳು ಆಗಲೇ ಅರ್ಧ ವಿಜ್ಞಾನಿಯಾದಳೆಂಬ ಸಂಭ್ರಮ. ಆದರೆ ಆ ಕೋಟು ತೊಟ್ಟು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಳೆದ ಮೂರು ಗಂಟೆಗಳಲ್ಲಿ ಅವಳು ನಿಜವಾಗಿ ಕಲಿತದ್ದೇನು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ.

ಕುಣಿಗಲ್ ತಾಲ್ಲೂಕಿನ ಹಳ್ಳಿಯೊಂದರಿಂದ ತುಮಕೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಗುಬ್ಬಿಯ ಕಡೆಯಿಂದ ಬರುವ ಹುಡುಗನೆಂದರೂ ಕಥೆ ಬೇರೆಯಾಗದು. ಬಸ್ಸು ತಡವಾಗಿ ಅವಳು ಒಳಗೆ ಕಾಲಿಡುವ ಹೊತ್ತಿಗೆ ಅಧ್ಯಾಪಕರ ವಿವರಣೆ ಅರ್ಧ ಮುಗಿದಿರುತ್ತದೆ. ದ್ರಾವಣಕ್ಕಾಗಿ ಸಾಲಿನಲ್ಲಿ ನಿಲ್ಲಬೇಕು. ಇಬ್ಬರಿಗೆ ಒಂದೇ ಬ್ಯೂರೆಟ್. ಹನಿ ಹನಿಯಾಗಿ ಬಿಡಬೇಕಾದ ದ್ರವ ಧಾರೆಯಾಗಿ ಇಳಿದು, ಬಣ್ಣವಿಲ್ಲದ ದ್ರಾವಣ ಒಮ್ಮೆಲೇ ಕಡು ಗುಲಾಬಿಯಾಗುತ್ತದೆ. ಮತ್ತೊಮ್ಮೆ ಮಾಡಲು ಸಮಯವಿಲ್ಲ. ಪಕ್ಕದ ಗೆಳತಿಯ ಅಂಕಿಯನ್ನು ನೋಡಿ ಅವಳು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ರೆಕಾರ್ಡಿಗೆ ಸಹಿ ಬೀಳುತ್ತದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಬಣ್ಣ ಬದಲಾದದ್ದೇಕೆ ಎಂಬುದು ಮಾತ್ರ ಅವಳಿಗೆ ತಿಳಿಯದೆಯೇ ಉಳಿದುಬಿಡುತ್ತದೆ.

ಇದು ಆ ಹುಡುಗಿಯ ಸೋಮಾರಿತನವೂ ಅಲ್ಲ, ಅಧ್ಯಾಪಕರ ಉದಾಸೀನವೂ ಅಲ್ಲ. ಒಂದೇ ಹೊತ್ತಿಗೆ ಉಪಕರಣ ಹಿಡಿಯುವುದು, ಸೂಚನೆ ನೆನಪಿಡುವುದು, ಅಂಕಿ ಓದುವುದು, ಲೆಕ್ಕ ಹಾಕುವುದು, ಗಾಜು ಒಡೆದೀತೆಂದು ಹೆದರುವುದು, ಇಷ್ಟೆಲ್ಲವೂ ಹೊಸಬರ ತಲೆಯ ಮೇಲೆ ಬಿದ್ದಾಗ ಅರಿವಿಗೆ ಜಾಗವೇ ಉಳಿಯುವುದಿಲ್ಲ. ಈ ಭಾರವನ್ನು ಇಳಿಸುವ ಒಂದು ಸಾಧನವಾಗಿ ಗಣಕಯಂತ್ರವು ರಸಾಯನಶಾಸ್ತ್ರದ ಪಾಠಕ್ಕೆ ಬಂದಿದೆ. ಅದರ ಪ್ರಯೋಜನವೆಷ್ಟು, ಮಿತಿಯೆಲ್ಲಿ ಎಂಬುದನ್ನು ವಿಜ್ಞಾನ ಓದುವ ಮಕ್ಕಳಿರುವ ಪ್ರತಿಯೊಂದು ಮನೆಯೂ ತಿಳಿದಿರುವುದು ಒಳ್ಳೆಯದು.

ಅಣಕು ಪ್ರಯೋಗವೆಂದರೇನು?

ಇಂಗ್ಲಿಷಿನಲ್ಲಿ ಸಿಮ್ಯುಲೇಷನ್ ಎನ್ನುವುದನ್ನು ನಾವು ಅಣಕು ಪ್ರಯೋಗ ಎನ್ನಬಹುದು. ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ ಬ್ಯೂರೆಟ್, ಫ್ಲಾಸ್ಕ್, ತಕ್ಕಡಿ ಮುಂತಾದವುಗಳ ಚಿತ್ರಗಳಿರುತ್ತವೆ. ವಿದ್ಯಾರ್ಥಿ ಆಮ್ಲವನ್ನು ಆರಿಸಿಕೊಂಡು, ಅದರ ಸಾರತೆಯನ್ನು ನಿಗದಿಪಡಿಸಿ, ಬ್ಯೂರೆಟ್ಟಿನ ಕೀಲಿಯನ್ನು ತಿರುಗಿಸಿದರೆ ಹನಿಗಳು ಬೀಳುತ್ತವೆ. ಇದು ಮೊದಲೇ ಚಿತ್ರೀಕರಿಸಿಟ್ಟ ಸಿನಿಮಾ ಅಲ್ಲ. ಪ್ರತಿ ಹನಿ ಬಿದ್ದಾಗಲೂ ಯಂತ್ರವು ರಸಾಯನಶಾಸ್ತ್ರದ ಸೂತ್ರದಂತೆ ಲೆಕ್ಕ ಹಾಕಿ ಫಲವನ್ನು ತೋರಿಸುತ್ತದೆ. ವಿದ್ಯಾರ್ಥಿ ತಪ್ಪು ಮಾಡಿದರೆ ತಪ್ಪಿನ ಫಲವೇ ಕಾಣುತ್ತದೆ. ಸಿನಿಮಾಕ್ಕೂ ಅಣಕು ಪ್ರಯೋಗಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಗುಬ್ಬಿಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾದ ಗುಬ್ಬಿ ನಾಟಕ ಕಂಪನಿಯ ಊರು ಅದು. ಯಾವ ನಟನೂ ತಾಲೀಮಿಲ್ಲದೆ ರಂಗದ ಮೇಲೆ ಬರುತ್ತಿರಲಿಲ್ಲ. ತಾಲೀಮಿನಲ್ಲಿ ಮಾತು ತಪ್ಪಬಹುದು, ಹೆಜ್ಜೆ ತಪ್ಪಬಹುದು, ಇನ್ನೊಮ್ಮೆ ಮಾಡಬಹುದು. ಹಾಗೆಂದು ತಾಲೀಮನ್ನೇ ಯಾರೂ ನಾಟಕವೆಂದು ಕರೆಯಲಿಲ್ಲ. ಅಣಕು ಪ್ರಯೋಗಕ್ಕೆ ಸಲ್ಲುವ ಸ್ಥಾನವೂ ಇಷ್ಟೇ. ಇದಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ.

ಒಂದು ಹನಿಯ ಲೆಕ್ಕ

ತಾಲೀಮಿನಿಂದ ಆಗುವ ಲಾಭವನ್ನು ಒಂದು ಉದಾಹರಣೆಯಿಂದ ನೋಡೋಣ. ಪದವಿ ತರಗತಿಯ ಮೊದಲ ಪಾಠಗಳಲ್ಲಿ ಒಂದು ಆಮ್ಲ ಮತ್ತು ಪ್ರತ್ಯಾಮ್ಲಗಳ ಟೈಟ್ರೇಷನ್. ಫ್ಲಾಸ್ಕಿನಲ್ಲಿ 0.1 ಮೋಲಾರ್ ಸಾರತೆಯ 25 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲವಿದೆ. ಬ್ಯೂರೆಟ್ಟಿನಲ್ಲಿ ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ ಇದೆ. ದ್ರಾವಣ ಎಷ್ಟು ಆಮ್ಲೀಯ ಎಂಬುದನ್ನು ಪಿಎಚ್ ಎಂಬ ಅಂಕಿ ತಿಳಿಸುತ್ತದೆ. ಆರಂಭದಲ್ಲಿ ಅದು 1. ಅರ್ಧದಷ್ಟು, ಅಂದರೆ 12.5 ಮಿ.ಲೀ. ಕ್ಷಾರವನ್ನು ಬೆರೆಸಿದರೂ ಪಿಎಚ್ ಸುಮಾರು 1.5 ಮಾತ್ರ. 24 ಮಿ.ಲೀ. ಬೆರೆಸಿದಾಗ 2.7. ಇಲ್ಲಿಯವರೆಗೆ ಹೆಚ್ಚೇನೂ ನಡೆದಂತೆ ಕಾಣುವುದಿಲ್ಲ.

ಇನ್ನು ಮುಂದಿನದೇ ಸ್ವಾರಸ್ಯ. 24.9 ಮಿ.ಲೀ. ಆದಾಗ ಪಿಎಚ್ 3.7, ಸರಿಯಾಗಿ 25 ಆದಾಗ 7, 25.1 ಆದೊಡನೆ 10.3! ಬ್ಯೂರೆಟ್ಟಿನ ಒಂದು ಹನಿ ಸುಮಾರು 0.05 ಮಿ.ಲೀ. ಎಂದುಕೊಂಡರೆ, ಕೇವಲ ನಾಲ್ಕು ಹನಿಗಳ ಅಂತರದಲ್ಲಿ ಪಿಎಚ್ ಆರೂವರೆ ಅಂಕಗಳಷ್ಟು ಜಿಗಿದುಬಿಡುತ್ತದೆ. ಫಿನಾಲ್ಫ್ತಲೀನ್ ಎಂಬ ಸೂಚಕವು ಸುಮಾರು 8.2ರಿಂದ 10ರ ನಡುವೆ ಗುಲಾಬಿ ಬಣ್ಣಕ್ಕೆ ತಿರುಗುವುದರಿಂದ ಈ ಜಿಗಿತದ ಮಧ್ಯದಲ್ಲಿಯೇ ಬಣ್ಣ ಕಾಣಿಸಿಕೊಳ್ಳುತ್ತದೆ. ಕೊನೆಯಲ್ಲಿ ಒಂದೊಂದೇ ಹನಿ ಬಿಡಬೇಕೆಂದು ಅಧ್ಯಾಪಕರು ಮತ್ತೆ ಮತ್ತೆ ಎಚ್ಚರಿಸುವುದರ ಗುಟ್ಟು ಇದು.

ನಿಜವಾದ ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿನಿಗೆ ಕಾಣುವುದು ಕೊನೆಯ ಬಣ್ಣವೊಂದೇ. ಪರದೆಯ ಮೇಲಾದರೋ ಹನಿ ಬೀಳುತ್ತಿರುವಂತೆಯೇ ಪಕ್ಕದಲ್ಲಿ ರೇಖಾಚಿತ್ರ ಮೂಡುತ್ತದೆ. ಮಲಗಿದಂತಿದ್ದ ಗೆರೆ ತಟ್ಟನೆ ಎದ್ದು ನಿಲ್ಲುವುದನ್ನು ಅವಳು ಕಣ್ಣಾರೆ ನೋಡುತ್ತಾಳೆ. ತಪ್ಪಿದರೆ ಮತ್ತೆ ಆರಂಭಿಸಬಹುದು. ಸಾರತೆಯನ್ನು ಬದಲಿಸಿ, ಸೂಚಕವನ್ನು ಬದಲಿಸಿ, ಹತ್ತು ಸಲ ಮಾಡಿ ನೋಡಬಹುದು. ಸಿಲ್ವರ್ ನೈಟ್ರೇಟಿನಂತಹ ದುಬಾರಿ ಲವಣವೂ ವ್ಯರ್ಥವಾಗದು, ಚರಂಡಿಗೆ ವಿಷವೂ ಸೇರದು. ತೀವ್ರ ಆಮ್ಲಕ್ಕೆ ನೀರು ಸುರಿದರೆ ಏನಾಗುವುದೆಂಬುದನ್ನೂ ಮೈ ಸುಟ್ಟುಕೊಳ್ಳದೆ ಅರಿಯಬಹುದು.

ಕಾಣದ ಲೋಕಕ್ಕೆ ಕಿಟಕಿ

ರಸಾಯನಶಾಸ್ತ್ರ ಕಷ್ಟವೆಂದು ಅಳಲುವವರ ಮಾತಿನಲ್ಲಿ ಹುರುಳಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಎ. ಎಚ್. ಜಾನ್‌ಸ್ಟನ್ ಎಂಬ ವಿದ್ವಾಂಸರು ಇದಕ್ಕೆ ಒಂದು ಕಾರಣವನ್ನು ಗುರುತಿಸಿದರು. ಈ ಶಾಸ್ತ್ರ ಮೂರು ನೆಲೆಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ. ಕಣ್ಣಿಗೆ ಕಾಣುವ ಬಣ್ಣ, ಗಸಿ, ಗುಳ್ಳೆಗಳದು ಒಂದು ನೆಲೆ. ಕಣ್ಣಿಗೆ ಕಾಣದ ಅಣು, ಅಯಾನುಗಳದು ಎರಡನೆಯದು. ಕಪ್ಪುಹಲಗೆಯ ಮೇಲೆ ಬರೆಯುವ ಸಂಕೇತ, ಸಮೀಕರಣಗಳದು ಮೂರನೆಯದು. ಬಲ್ಲವರು ಈ ಮೂರರ ನಡುವೆ ಸಲೀಸಾಗಿ ಓಡಾಡುತ್ತಾರೆ. ಹೊಸದಾಗಿ ಕಲಿಯುವವರು ದಾರಿ ತಪ್ಪುತ್ತಾರೆ.

ಪ್ರಯೋಗಶಾಲೆ ಮೊದಲನೆಯದನ್ನು ತೋರಿಸುತ್ತದೆ, ಪಠ್ಯಪುಸ್ತಕ ಮೂರನೆಯದನ್ನು ಕೊಡುತ್ತದೆ. ನಡುವಿನ ಅಣುಲೋಕವನ್ನು ಚಲಿಸುವ ಚಿತ್ರವಾಗಿ ಮುಂದಿಡುವ ಶಕ್ತಿ ಅಣಕು ಪ್ರಯೋಗಕ್ಕಿದೆ. ಒಂದೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ, ಎರಡೂ ನೋಟಕ್ಕೆ ನೀರಿನಂತೆಯೇ ಇರುತ್ತವೆ. ಮೊದಲನೆಯದರಲ್ಲಿ ಬಹುತೇಕ ಎಲ್ಲ ಅಣುಗಳೂ ಅಯಾನುಗಳಾಗಿ ಬಿಡಿಸಿಕೊಂಡಿದ್ದರೆ, 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ನೂರಕ್ಕೆ ಸುಮಾರು ಒಂದು ಮಾತ್ರ ಹಾಗೆ ಬಿಡಿಸಿಕೊಂಡಿರುತ್ತದೆ. ಪ್ರಬಲ ಆಮ್ಲ, ದುರ್ಬಲ ಆಮ್ಲ ಎಂದು ಬಾಯಿಪಾಠ ಮಾಡಿದ ಮಾತಿಗೆ ಆಗ ಅರ್ಥ ಬರುತ್ತದೆ.

ನಮ್ಮ ನಾಡಿನಲ್ಲಿ ನಡೆದ ಕೆಲಸ

ಇದು ಕೇವಲ ಹೊರದೇಶದ ಮಾತಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಕ್ಷಣ ಅಭಿಯಾನವೊಂದರ ಅಡಿಯಲ್ಲಿ, ದೆಹಲಿಯ ಐಐಟಿಯ ನೇತೃತ್ವದಲ್ಲಿ ವರ್ಚುಯಲ್ ಲ್ಯಾಬ್ಸ್ ಎಂಬ ಯೋಜನೆ ರೂಪುಗೊಂಡಿತು. ಅದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ನಮ್ಮ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಒಂದು. ರಸಾಯನಶಾಸ್ತ್ರದ ಪ್ರಯೋಗಗಳನ್ನು ವಿಶೇಷವಾಗಿ ಸಿದ್ಧಪಡಿಸಿದ್ದು ಅಮೃತ ವಿಶ್ವವಿದ್ಯಾಪೀಠ. ನೀರಿನ ವಿಶ್ಲೇಷಣೆ, ವರ್ಣದ್ಯುತಿಮಾಪನ, ವಿದ್ಯುತ್ಕೋಶದ ವಿಭವದ ಅಳತೆ ಮುಂತಾದ ಪದವಿ ಮಟ್ಟದ ಪ್ರಯೋಗಗಳು ಅಲ್ಲಿವೆ. ಪ್ರತಿಯೊಂದಕ್ಕೂ ಸಿದ್ಧಾಂತ, ವಿಧಾನ, ಅಣಕು ಪ್ರಯೋಗ, ಸ್ವಪರೀಕ್ಷೆಯ ಪ್ರಶ್ನೆಗಳು ಜೋಡಿಸಲ್ಪಟ್ಟಿವೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ ಎಂಬ ಯೋಜನೆ ಇನ್ನೊಂದು. ಇದನ್ನು ಹುಟ್ಟುಹಾಕಿದವರು ಅದಕ್ಕೆ ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಿದ್ದ ಕಾರ್ಲ್ ವೀಮನ್. ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ಕಾಲೇಜು ಮಕ್ಕಳ ಪಾಠದ ಕಡೆಗೆ ತಿರುಗಿದ್ದು ನಾವು ಗಮನಿಸಬೇಕಾದ ಸಂಗತಿ. ಫೆಟ್‌ನ ಅಣಕು ಪ್ರಯೋಗಗಳು ಉಚಿತ. ಹೊಸ ರೂಪದವು ಮೊಬೈಲಿನಲ್ಲಿಯೂ ನಡೆಯುತ್ತವೆ. ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ಬಳಸಬಹುದು. ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಪಿಡುಗಿನಿಂದಾಗಿ ಕಾಲೇಜುಗಳೆಲ್ಲ ಬಾಗಿಲು ಮುಚ್ಚಿದವು. ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆಯತೊಡಗಿದ್ದು ಆ ವರ್ಷದ ನವೆಂಬರ್ 17ರಿಂದ. ಪಾಠವನ್ನು ಮೊಬೈಲಿನಲ್ಲಿ ಹೇಗೋ ಕೇಳಬಹುದಿತ್ತು. ಬ್ಯೂರೆಟ್ಟನ್ನು ಮನೆಗೆ ತರುವಂತಿರಲಿಲ್ಲ. ಅಣಕು ಪ್ರಯೋಗಗಳ ಅಗತ್ಯವನ್ನು ಆ ದಿನಗಳು ಎಲ್ಲರಿಗೂ ಮನಗಾಣಿಸಿದವು. ಅದೇ ದಿನಗಳು ಇನ್ನೊಂದು ಸತ್ಯವನ್ನೂ ಕಲಿಸಿದವು. ಪರದೆಯ ಮೇಲೆ ಮಾತ್ರ ಕಲಿತ ಕೈಗಳಿಗೆ ಗಾಜಿನ ಉಪಕರಣ ಅಪರಿಚಿತವಾಗಿಯೇ ಉಳಿಯುತ್ತದೆ ಎಂಬುದೇ ಆ ಸತ್ಯ.

ಪರದೆ ಕಲಿಸದ ಪಾಠ

ಪರದೆಯ ಬ್ಯೂರೆಟ್ಟಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಅದರ ಕೀಲಿ ಸೋರುವುದಿಲ್ಲ. ದ್ರವದ ಬಾಗಿದ ಮೇಲ್ಮೈಯ ಕೆಳ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ಓದಬೇಕೆಂಬ ಶಿಸ್ತು ಅಲ್ಲಿ ಬೇಕಾಗುವುದಿಲ್ಲ. ರಬ್ಬರ್ ಬಲ್ಬಿನಿಂದ ಪಿಪೆಟ್ಟಿಗೆ ದ್ರವವನ್ನು ಗೆರೆಯವರೆಗೆ ಎಳೆದು ನಿಲ್ಲಿಸುವ ಬೆರಳಿನ ಹದವನ್ನು ಯಾವ ಯಂತ್ರವೂ ಕಲಿಸಲಾರದು. ಅಮೋನಿಯಾದ ಘಾಟು, ಹೈಡ್ರೊಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ, ಗಸಿ ಮೆಲ್ಲನೆ ತಳಕ್ಕಿಳಿಯುವುದನ್ನು ಕಾಯುವ ತಾಳ್ಮೆ, ಇವೆಲ್ಲ ನಿಜವಾದ ಮೇಜಿನ ಮುಂದೆ ನಿಂತಾಗಲೇ ಬರತಕ್ಕವು.

ಇನ್ನೂ ಮುಖ್ಯವಾದುದು ತಪ್ಪಿನ ಪಾಠ. ಲೆಕ್ಕದಂತೆ 25.0 ಬರಬೇಕಾದಲ್ಲಿ ಸರಳ ಅಣಕು ಪ್ರಯೋಗದಲ್ಲಿ ಎಲ್ಲರಿಗೂ 25.0 ಬರುತ್ತದೆ. ನಿಜವಾದ ಪ್ರಯೋಗದಲ್ಲಿ ಒಬ್ಬನಿಗೆ 24.8, ಇನ್ನೊಬ್ಬಳಿಗೆ 25.2. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುವಲ್ಲಿಯೇ ವಿಜ್ಞಾನದ ಮನೋಧರ್ಮ ಬೆಳೆಯುತ್ತದೆ. ಪಕ್ಕದವರ ಅಂಕಿಯನ್ನು ನಕಲು ಮಾಡುವುದಕ್ಕಿಂತ ತನ್ನದೇ ತಪ್ಪು ಅಂಕಿಯನ್ನು ಪ್ರಾಮಾಣಿಕವಾಗಿ ಬರೆದು, ಅದರ ಕಾರಣವನ್ನು ತಿಳಿಯುವುದು ಶ್ರೇಷ್ಠವಾದ ಕಲಿಕೆ.

2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ನಡೆಸಲು ಕಲಿಯುವವರು ನೆಲದ ಮೇಲಿನ ಅಣಕು ಯಂತ್ರದಲ್ಲಿಯೂ ಅಭ್ಯಾಸ ಮಾಡುತ್ತಾರೆ. ಎಂಜಿನ್ ಕೆಟ್ಟರೆ ಏನು ಮಾಡಬೇಕೆಂಬುದನ್ನು ಅಲ್ಲಿ ಪ್ರಾಣಭಯವಿಲ್ಲದೆ ಕಲಿಯುತ್ತಾರೆ. ಆದರೆ ಆಕಾಶಕ್ಕೆ ಏರದ ಯಾರನ್ನೂ ಪೈಲಟ್ ಎಂದು ಒಪ್ಪುವುದಿಲ್ಲ. ಕುಣಿಗಲ್ಲಿನ ಕುದುರೆ ಫಾರಂ ಕಂಡವರಿಗೆ ಈ ಮಾತು ಬೇಗ ತಿಳಿದೀತು: ಸವಾರಿಯ ವಿಷಯವನ್ನು ಎಷ್ಟು ಓದಿದರೂ ಕುದುರೆಯ ಬೆನ್ನೇರಿದ ಮೇಲೆ ಕಲಿಯುವುದು ಬೇರೆಯೇ ಇರುತ್ತದೆ.

ಮನೆಯ ನೀರಿನಿಂದಲೇ ಆರಂಭ

ಈ ಎರಡನ್ನೂ ಒಂದುಗೂಡಿಸುವ ಬಗೆ ಹೇಗೆ? ಪ್ರತಿ ಗೃಹಿಣಿಗೂ ಪರಿಚಿತವಾದ ಒಂದು ಸಮಸ್ಯೆಯನ್ನು ತೆಗೆದುಕೊಳ್ಳೋಣ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಸೋಪು ನೊರೆ ಕೊಡದು, ಬೇಳೆ ಬೇಗ ಬೇಯದು, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಇದಕ್ಕೆ ಕಾರಣ.

ಈ ಗಡಸುತನವನ್ನು ಅಳೆಯುವುದು ಪದವಿ ತರಗತಿಯ ಪ್ರಯೋಗಗಳಲ್ಲಿ ಒಂದು. 50 ಮಿ.ಲೀ. ನೀರಿಗೆ ಅಮೋನಿಯಾ ಬಫರ್ ಬೆರೆಸಿ ಪಿಎಚ್ ಅನ್ನು 10ರ ಸುಮಾರಿಗೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಹಾಕಿದರೆ ದ್ರಾವಣ ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಬ್ಯೂರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಬಿಡುತ್ತಾ ಹೋದಂತೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುತ್ತದೆ. ಕೊನೆಯ ಅಯಾನು ಸೆರೆಯಾದೊಡನೆ ಕೆಂಪು ಹೋಗಿ ತಿಳಿನೀಲಿ ಬರುತ್ತದೆ. 0.01 ಮೋಲಾರ್ ಇಡಿಟಿಎಯ ಪ್ರತಿ ಮಿ.ಲೀ.ಗೂ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಸಮ. 20 ಮಿ.ಲೀ. ಖರ್ಚಾದರೆ, 50 ಮಿ.ಲೀ. ನೀರಿನಲ್ಲಿ 20 ಮಿಲಿಗ್ರಾಂ, ಅಂದರೆ ಲೀಟರಿಗೆ 400 ಮಿಲಿಗ್ರಾಂ ಎಂದಾಯಿತು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ 2012ರಲ್ಲಿ ಪ್ರಕಟಿಸಿದ ಮಾನಕದಂತೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿಯುಂಟು.

ನಮ್ಮ ವಿದ್ಯಾರ್ಥಿನಿ ಹಿಂದಿನ ಸಂಜೆ ಇದೇ ಪ್ರಯೋಗವನ್ನು ಪರದೆಯ ಮೇಲೆ ಎರಡು ಸಲ ಮಾಡಿ, ಲೆಕ್ಕವನ್ನು ಕೈಯಾರೆ ಬರೆದು ಬರಲಿ. ಮರುದಿನ ತನ್ನ ಊರಿನ ಕೊಳವೆಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತರಲಿ. ಗುಬ್ಬಿಯ ಹುಡುಗ ತನ್ನ ಹಳ್ಳಿಯ ನೀರನ್ನು ತರಲಿ. ಆಗ ಪ್ರಯೋಗಶಾಲೆಯ ಮೂರು ಗಂಟೆ ಮುಂದೇನೆಂದು ತಡಕಾಡುವುದರಲ್ಲಿ ಕಳೆಯುವುದಿಲ್ಲ, ಕೈ ಪಳಗುವುದರಲ್ಲಿ ಕಳೆಯುತ್ತದೆ. ಬಂದ ಅಂಕಿಯನ್ನು ಪಕ್ಕದವರಿಂದ ನಕಲು ಮಾಡಲೂ ಆಗದು, ಏಕೆಂದರೆ ಪಕ್ಕದವರ ನೀರೇ ಬೇರೆ! ಪಾವಗಡದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರೂ ಬಲ್ಲ ನೋವು. ನೀರಿನ ಪರೀಕ್ಷೆ ಬಲ್ಲ ಯುವಕ ಯುವತಿಯರು ಇಂತಹ ಜಿಲ್ಲೆಗೆ ದೊಡ್ಡ ಆಸ್ತಿ.

ನಮ್ಮ ಭಾಷೆಯಲ್ಲಿ

ಇನ್ನೊಂದು ಅಡ್ಡಿ ಭಾಷೆಯದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಮುಂದೆ ಎಲ್ಲವೂ ಇಂಗ್ಲಿಷ್. ತುಮಕೂರಿನ ಸಮೀಪದ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, 1918ರಲ್ಲಿಯೇ ಮಿತ್ರರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದವರು. ಅವರ ಜಿಲ್ಲೆಯಲ್ಲಿಯೇ ಮಕ್ಕಳು ಅರ್ಥವಾಗದ ಭಾಷೆಗೆ ಹೆದರಿ ವಿಜ್ಞಾನವನ್ನು ಬಿಡುವಂತಾಗಬಾರದು. ಅಣಕು ಪ್ರಯೋಗದಲ್ಲಿ ಮಾತು ಕಡಿಮೆ, ನೋಟ ಹೆಚ್ಚು. ಕನ್ನಡದ ಪರದೆಯಲ್ಲಿ ಮೊದಲು ವಿಷಯವನ್ನು ಗ್ರಹಿಸಿ, ಅನಂತರ ಇಂಗ್ಲಿಷಿನ ಪದವನ್ನು ಕಲಿತರೆ ಭಾರ ಅರ್ಧವಾಗುತ್ತದೆ. ಅಧ್ಯಾಪಕರು ಮನಸ್ಸು ಮಾಡಿದರೆ ಇನ್ನಷ್ಟನ್ನು ಕನ್ನಡಕ್ಕೆ ತರಬಹುದು.

ಹೆತ್ತವರಿಗೆ ಒಂದು ಮಾತು

ಮಗಳು ಸಂಜೆ ಮೊಬೈಲ್ ಹಿಡಿದು ಕುಳಿತಾಗ ಗದರುವ ಮುನ್ನ ಅವಳು ಏನು ನೋಡುತ್ತಿದ್ದಾಳೆಂದು ಕೇಳಿ. ಪ್ರಯೋಗದ ತಾಲೀಮಾಗಿದ್ದರೆ ಪಕ್ಕದಲ್ಲಿ ಕುಳಿತು, ನಮಗೂ ತೋರಿಸು ಎನ್ನಿ. ತಾಯಿಗೆ ವಿವರಿಸಬಲ್ಲವಳಾದರೆ ಪರೀಕ್ಷಕರಿಗೂ ವಿವರಿಸಬಲ್ಲಳು. ಇದಕ್ಕಾಗಿ ಸಾಲ ಮಾಡಿ ದುಬಾರಿ ಯಂತ್ರ ಕೊಳ್ಳಬೇಕಾಗಿಲ್ಲ. ಮನೆಯಲ್ಲಿರುವ ಸಾಧಾರಣ ಮೊಬೈಲ್, ಇಲ್ಲವೇ ಕಾಲೇಜಿನ ಗಣಕಯಂತ್ರ ಕೊಠಡಿಯಲ್ಲಿ ವಾರಕ್ಕೊಂದು ಗಂಟೆ ಸಾಕು.

ಆದರೆ ಒಂದು ಎಚ್ಚರ ಅಗತ್ಯ. ಪರದೆಯಲ್ಲಿ ತೋರಿಸಿದೆವಲ್ಲ, ಇನ್ನು ರಾಸಾಯನಿಕ ಕೊಳ್ಳುವುದೇಕೆ, ಗಾಜಿನ ಸಾಮಾನು ಏಕೆ ಎಂಬ ಮಾತು ಯಾವ ಕಾಲೇಜಿನಲ್ಲಾದರೂ ಹುಟ್ಟಬಹುದು. ಅದು ಅಗ್ಗದ ದಾರಿ, ಅಪಾಯದ ದಾರಿಯೂ ಹೌದು. ಹಾಗಾದರೆ ಹಣವುಳ್ಳವರ ಮಕ್ಕಳಿಗೆ ಪ್ರಯೋಗಶಾಲೆ, ಹಳ್ಳಿಯ ಮಕ್ಕಳಿಗೆ ಪರದೆ ಎಂಬ ಹೊಸ ಭೇದ ಹುಟ್ಟುತ್ತದೆ. ಔಷಧ ಕಾರ್ಖಾನೆಯಲ್ಲಿಯೋ ಪರೀಕ್ಷಾಲಯದಲ್ಲಿಯೋ ಕೆಲಸಕ್ಕೆ ಹೋದಾಗ ಕೈ ಪಳಗದ ಹುಡುಗಿ ಹಿಂದೆ ಉಳಿಯುತ್ತಾಳೆ. ಪೋಷಕರ ಸಭೆಗೆ ಹೋದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ನಮ್ಮ ಮಕ್ಕಳಿಗೆ ತಾಲೀಮಿನ ಅನುಕೂಲವಿದೆಯೇ? ವಾರಕ್ಕೆ ಎಷ್ಟು ಗಂಟೆ ಅವರ ಕೈಗೇ ಬ್ಯೂರೆಟ್ ಸಿಗುತ್ತದೆ?

ಎರಡಕ್ಕೂ ತೃಪ್ತಿಕರವಾದ ಉತ್ತರ ದೊರೆತ ದಿನ, ಕುಣಿಗಲ್ಲಿನ ಬಸ್ಸಿನಿಂದಿಳಿದು ಬರುವ ಆ ಹುಡುಗಿ ಪಕ್ಕದವರ ಪುಸ್ತಕದ ಕಡೆಗೆ ಕಣ್ಣು ಹಾಯಿಸಬೇಕಾಗುವುದಿಲ್ಲ. ಕೊನೆಯ ಹನಿ ಬಿದ್ದು ಬಣ್ಣ ತಿರುಗಿದಾಗ, ಅದು ಏಕೆ ತಿರುಗಿತೆಂದು ಅವಳಿಗೇ ಗೊತ್ತಿರುತ್ತದೆ.